ಕ್ಷುದ್ರಗ್ರಹಕ್ಕೆ ವಿಜ್ಞಾನಿಯ ಹೆಸರು: ಇಡುವವರು ಯಾರು, ಸಿಗುವುದು ಯಾರಿಗೆ?

ಮಂಗಳ ಮತ್ತು ಗುರುಗ್ರಹಗಳ ನಡುವೆ ಸುತ್ತುತ್ತಿರುವ ಒಂದು ಬಂಡೆಗೆ 2023ರಲ್ಲಿ ಬೆಂಗಳೂರಿನ ವಿಜ್ಞಾನಿಯೊಬ್ಬರ ಹೆಸರು ಬಂತು. ಕೋರಮಂಗಲದಲ್ಲಿರುವ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಜಯಂತ್ ಮೂರ್ತಿ ಅವರ ಗೌರವಾರ್ಥ ಅದನ್ನು ಈಗ ‘215884 ಜಯಂತಮೂರ್ತಿ’ ಎಂದು ಕರೆಯಲಾಗುತ್ತದೆ. ಸುದ್ದಿ ಸಂತೋಷದ್ದೇ. ಆದರೆ ಇಂಥ ಸುದ್ದಿ ಬಂದಾಗಲೆಲ್ಲ ಓದುಗರಲ್ಲಿ ಹಲವು ಪ್ರಶ್ನೆಗಳು ಏಳುತ್ತವೆ. ಆ ಕ್ಷುದ್ರಗ್ರಹವನ್ನು ಅವರೇ ಕಂಡುಹಿಡಿದರೇ? ಹೆಸರಿಟ್ಟದ್ದು ನಾಸಾವೇ? ಹಾಗಾದರೆ ಶಾಲಾ ಮಕ್ಕಳ ಹೆಸರು, ಗಾಯಕರ ಹೆಸರು, ಚೆಸ್ ಆಟಗಾರರ ಹೆಸರು ಅಲ್ಲಿಗೆ ಹೋದದ್ದು ಹೇಗೆ? ಹಣ ಕೊಟ್ಟರೆ ನಮ್ಮ ಹೆಸರನ್ನೂ ಇಡುತ್ತಾರೆಯೇ?

ಕನ್ನಡದ ಓದುಗರಿಗೆ ಇನ್ನೊಂದು ತೊಡಕೂ ಇದೆ. ‘ಕ್ಷುದ್ರ’ ಎಂದರೆ ನಮ್ಮ ಬಳಕೆಯಲ್ಲಿ ಕೀಳು, ಹೀನ ಎಂಬ ಅರ್ಥವೇ ಮೊದಲು ಹೊಳೆಯುತ್ತದೆ. ಕ್ಷುದ್ರವಾದದ್ದಕ್ಕೆ ಹಿರಿಯರ ಹೆಸರಿಡುವುದು ಗೌರವ ಹೇಗಾದೀತು ಎಂಬ ಸಂದೇಹ ಸಹಜ. ಸಂಸ್ಕೃತದಲ್ಲಿ ಆ ಪದಕ್ಕೆ ‘ಬಲು ಚಿಕ್ಕದು’ ಎಂಬ ಅರ್ಥವೂ ಇದೆ, ಖಗೋಳದಲ್ಲಿ ಬಳಕೆಗೆ ಬಂದದ್ದು ಆ ಅರ್ಥವೇ. ಪದದ ತೊಡಕು ಇಲ್ಲಿಗೆ ಮುಗಿಯಿತು. ಉಳಿದ ಪ್ರಶ್ನೆಗಳಿಗೆ ಇಷ್ಟು ಚಿಕ್ಕ ಉತ್ತರ ಸಾಲದು.

ಮೊದಲು ಸಂಕೇತ, ಆಮೇಲೆ ಸಂಖ್ಯೆ, ಕೊನೆಗೆ ಹೆಸರು

ಮಗು ಹುಟ್ಟಿದ ಹನ್ನೆರಡನೆಯ ದಿನಕ್ಕೆ ನಾಮಕರಣ ಮಾಡುವ ನಾಡು ನಮ್ಮದು. ಕ್ಷುದ್ರಗ್ರಹದ ವಿಷಯದಲ್ಲಿ ಅಷ್ಟು ಅವಸರ ಸಾಧ್ಯವಿಲ್ಲ, ಅದಕ್ಕೆ ಗಟ್ಟಿಯಾದ ಕಾರಣವಿದೆ.

ದೂರದರ್ಶಕದಲ್ಲಿ ಕ್ಷುದ್ರಗ್ರಹ ಕಾಣುವುದು ಒಂದು ಚುಕ್ಕಿಯಾಗಿ ಮಾತ್ರ. ಒಂದೇ ರಾತ್ರಿಯಲ್ಲಿ ತೆಗೆದ ಕೆಲವು ಚಿತ್ರಗಳನ್ನು ಹೋಲಿಸಿದಾಗ ನಕ್ಷತ್ರಗಳು ನಿಂತಲ್ಲೇ ಇರುತ್ತವೆ, ಈ ಚುಕ್ಕಿ ತುಸು ಸರಿದಿರುತ್ತದೆ. ಆ ಸರಿಯುವಿಕೆಯಿಂದಲೇ ಅದು ಸೌರಮಂಡಲದ ವಸ್ತು ಎಂದು ತಿಳಿಯುತ್ತದೆ. ಆದರೆ ಅದು ಹೊಸದೋ, ಹಿಂದೆ ಯಾರೋ ಕಂಡು ಕಳೆದುಕೊಂಡದ್ದೋ ಎಂಬುದು ಒಂದೆರಡು ರಾತ್ರಿಗಳಲ್ಲಿ ಗೊತ್ತಾಗುವುದಿಲ್ಲ. ಹಾಗಾಗಿ ಅಮೆರಿಕದ ಕೇಂಬ್ರಿಜ್‌ನಲ್ಲಿರುವ ಮೈನರ್ ಪ್ಲಾನೆಟ್ ಸೆಂಟರ್ ಮೊದಲಿಗೆ ತಾತ್ಕಾಲಿಕ ಸಂಕೇತವೊಂದನ್ನು ಮಾತ್ರ ಕೊಡುತ್ತದೆ. ಜಗತ್ತಿನ ಎಲ್ಲ ವೀಕ್ಷಣಾಲಯಗಳಿಂದ ಕ್ಷುದ್ರಗ್ರಹಗಳ ಮಾಹಿತಿ ಬಂದು ಸೇರುವ ಸ್ಥಳ ಅದು.

ಜಯಂತಮೂರ್ತಿಗೆ ಸಿಕ್ಕಿದ್ದ ಸಂಕೇತ ‘2005 ಇಎಕ್ಸ್ 296’. ನೋಡಲು ವಾಹನದ ನೋಂದಣಿ ಸಂಖ್ಯೆಯಂತಿದೆ. ಬಿಡಿಸಿದರೆ ಅದರೊಳಗೆ ಒಂದು ಜಾತಕವೇ ಇದೆ. ವರ್ಷ 2005. ವರ್ಷವನ್ನು ಅರ್ಧ ತಿಂಗಳುಗಳಾಗಿ ಒಡೆದು ಒಂದೊಂದಕ್ಕೆ ಒಂದು ರೋಮನ್ ಅಕ್ಷರ ಕೊಡುತ್ತಾರೆ. ‘ಇ’ ಎಂದರೆ ಮಾರ್ಚ್ ತಿಂಗಳ ಮೊದಲ ಹದಿನೈದು ದಿನ. ಅದರ ನಂತರದ ಅಕ್ಷರ ಮತ್ತು ಅಂಕಿ ಆ ಹದಿನೈದು ದಿನಗಳಲ್ಲಿ ಇದು ಎಷ್ಟನೆಯದು ಎಂದು ಹೇಳುತ್ತವೆ. ಇಪ್ಪತ್ತೈದು ಅಕ್ಷರಗಳ ಸುತ್ತು 296 ಬಾರಿ ಮುಗಿದು ಮತ್ತೆ ‘ಎಕ್ಸ್’ ತನಕ ಬಂದಿದೆ. ‘ಐ’ ಅಕ್ಷರವನ್ನು ಒಂದು ಎಂಬ ಅಂಕಿಯೆಂದು ತಪ್ಪಾಗಿ ಓದಬಾರದೆಂದು ಬಿಟ್ಟಿರುವುದರಿಂದ ಎಕ್ಸ್ 23ನೆಯ ಅಕ್ಷರ. ಅಂದರೆ 296 ಅನ್ನು 25ರಿಂದ ಗುಣಿಸಿ 23 ಕೂಡಿಸಿದರೆ 7423. ಕೇವಲ ಹದಿನೈದು ದಿನಗಳಲ್ಲಿ ಸಂಕೇತ ಪಡೆದವುಗಳಲ್ಲಿ ಇದು 7423ನೆಯದು. ಆಧುನಿಕ ಆಕಾಶ ಶೋಧನೆಯ ವೇಗ ಎಂಥದ್ದು ಎಂಬುದಕ್ಕೆ ಈ ಒಂದು ಲೆಕ್ಕ ಸಾಕು.

ಸಂಕೇತದಿಂದ ಶಾಶ್ವತ ಸಂಖ್ಯೆಗೆ ಹೋಗಲು ಕಕ್ಷೆ ಖಚಿತವಾಗಬೇಕು. ಭೂಮಿಯಿಂದ ನೋಡುವಾಗ ಕ್ಷುದ್ರಗ್ರಹವು ಸೂರ್ಯನಿಗೆ ಎದುರು ದಿಕ್ಕಿನಲ್ಲಿ ಬರುವ ಕಾಲದಲ್ಲಿ ಅದು ಚೆನ್ನಾಗಿ ಕಾಣುತ್ತದೆ. ಮಂಗಳ ಮತ್ತು ಗುರುಗ್ರಹಗಳ ನಡುವಿನ ಮುಖ್ಯ ಪಟ್ಟಿಯಲ್ಲಿ ಸುತ್ತುವ ಕ್ಷುದ್ರಗ್ರಹಗಳಿಗೆ ಇಂಥ ಅವಕಾಶ ಒಂದೂಕಾಲು, ಒಂದೂವರೆ ವರ್ಷಕ್ಕೊಮ್ಮೆ ಬರುತ್ತದೆ. ಸಾಮಾನ್ಯವಾಗಿ ನಾಲ್ಕು ಬಾರಿಯಾದರೂ ಹೀಗೆ ಕಂಡು, ಲೆಕ್ಕ ಹಾಕಿದ ಜಾಗದಲ್ಲೇ ಅದು ಸಿಕ್ಕಿದರೆ ಮುಂದೆಂದೂ ಕಳೆದುಹೋಗದು ಎಂಬ ಭರವಸೆ ಮೂಡುತ್ತದೆ. ಆಗ ಸಂಖ್ಯೆ ಸಿಗುತ್ತದೆ. ಸಂಖ್ಯೆ ಸಿಕ್ಕ ಮೇಲಷ್ಟೇ ಹೆಸರಿನ ಮಾತು.

ಈ ಸರದಿ ಗೊತ್ತಿಲ್ಲದೆ ಹೋದಾಗಲೇ ಸುದ್ದಿಗಳು ದಾರಿ ತಪ್ಪುತ್ತವೆ. 2025ರ ಆರಂಭದಲ್ಲಿ ಜಗತ್ತನ್ನೇ ಕೆಲ ವಾರ ಆತಂಕಕ್ಕೆ ದೂಡಿದ ‘2024 ವೈಆರ್ 4’ ಎಂಬುದಕ್ಕೆ ಆಗ ಹೆಸರೂ ಇರಲಿಲ್ಲ, ಸಂಖ್ಯೆಯೂ ಇರಲಿಲ್ಲ. ಅದು ಭೂಮಿಗೆ ಬಡಿಯುವ ಸಾಧ್ಯತೆ ಒಂದು ಹಂತದಲ್ಲಿ ಶೇ. 3ರ ಗಡಿ ದಾಟಿ, ಮತ್ತಷ್ಟು ವೀಕ್ಷಣೆ ಬಂದ ಹಾಗೆ ಶೂನ್ಯದ ಹತ್ತಿರಕ್ಕೆ ಕುಸಿಯಿತು. ಕಕ್ಷೆ ಖಚಿತವಾಗದ ವಸ್ತುವಿನ ಬಗ್ಗೆ ನಮಗೆ ಎಷ್ಟು ಕಡಿಮೆ ಗೊತ್ತಿರುತ್ತದೆ ಎಂಬುದನ್ನು ಅದು ತೋರಿಸಿತು. ಹೆಸರಿಡಲು ಕಾಯುವುದು ಇದೇ ಕಾರಣಕ್ಕೆ.

ಸೋದರತ್ತೆಯ ಹಕ್ಕು ಯಾರದು?

ನಮ್ಮ ಅನೇಕ ಮನೆಗಳಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಕ್ಷುದ್ರಗ್ರಹಕ್ಕೆ ಆ ಸ್ಥಾನದಲ್ಲಿರುವವರು ಅದನ್ನು ಪತ್ತೆ ಮಾಡಿದವರು. ಸಂಖ್ಯೆ ಸಿಕ್ಕ ದಿನದಿಂದ ಹತ್ತು ವರ್ಷಗಳ ಕಾಲ ಹೆಸರು ಸೂಚಿಸುವ ಹಕ್ಕು ಅವರಿಗಿದೆ. ಸೂಚಿಸಿದ ಮಾತ್ರಕ್ಕೆ ಆಗಲಿಲ್ಲ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಡಿಯಲ್ಲಿ ಚಿಕ್ಕ ಕಾಯಗಳ ನಾಮಕರಣಕ್ಕೆಂದೇ ಒಂದು ಕಾರ್ಯತಂಡವಿದೆ. ಬೇರೆ ಬೇರೆ ದೇಶಗಳ ಖಗೋಳಜ್ಞರಿರುವ ಈ ತಂಡ ಹೆಸರನ್ನೂ ಅದರ ಜೊತೆಗಿನ ಪುಟ್ಟ ಟಿಪ್ಪಣಿಯನ್ನೂ ಪರಿಶೀಲಿಸಿ ಒಪ್ಪಿಗೆ ಕೊಡಬೇಕು. ಒಪ್ಪಿದ ಹೆಸರುಗಳು ತಂಡದ ಪ್ರಕಟಣೆಯಲ್ಲಿ ಅಚ್ಚಾದ ದಿನ ಅಧಿಕೃತವಾಗುತ್ತವೆ. 2021ರಿಂದ ಇದಕ್ಕಾಗಿಯೇ ಪ್ರತ್ಯೇಕ ಪ್ರಕಟಣೆ ಹೊರಬರುತ್ತಿದೆ. ಹೀಗಾಗಿ ‘ನಾಸಾ ಹೆಸರಿಟ್ಟಿತು’ ಎಂಬ ಶೀರ್ಷಿಕೆ ಬಹುಪಾಲು ಸಂದರ್ಭಗಳಲ್ಲಿ ತಪ್ಪು.

ಈ ಚೌಕಟ್ಟಿನಲ್ಲಿ ಜಯಂತಮೂರ್ತಿಯ ಕಥೆಯನ್ನು ನೋಡಬೇಕು. ಅದನ್ನು 2005ರಲ್ಲಿ ಅಮೆರಿಕದ ಅರಿಝೋನಾದ ಕಿಟ್ ಪೀಕ್ ವೀಕ್ಷಣಾಲಯದಿಂದ ಪತ್ತೆ ಮಾಡಿದವರು ಮಾರ್ಕ್ ಬುಯಿ. ಪ್ಲುಟೊ ಕಡೆಗೆ ಹೋದ ನ್ಯೂ ಹೊರೈಝನ್ಸ್ ನೌಕೆಯ ವಿಜ್ಞಾನ ತಂಡದವರು ಅವರು. ಆ ನೌಕೆ ಪ್ಲುಟೊವನ್ನು ದಾಟಿದ ಮೇಲೆ ಭೇಟಿಯಾದ ಆರೊಕೋತ್ ಎಂಬ ಪುಟ್ಟ ಕಾಯವನ್ನು 2014ರಲ್ಲಿ ಪತ್ತೆ ಮಾಡಿದವರೂ ಅವರೇ. ಜಯಂತ್ ಮೂರ್ತಿ ಅವರ ಕೆಲಸವೂ ಇದೇ ನೌಕೆಯ ಜೊತೆ ಬೆಸೆದುಕೊಂಡಿದೆ. ವಿಶ್ವದ ಎಲ್ಲ ದಿಕ್ಕುಗಳಿಂದ ಬರುವ ಮಸುಕಾದ ಅತಿನೇರಳೆ ಹಿನ್ನೆಲೆ ಬೆಳಕನ್ನು ಅಳೆಯುವುದು ಅವರ ಕ್ಷೇತ್ರ. ಸೂರ್ಯನ ಸಮೀಪದಲ್ಲಿ ಸೂರ್ಯನದೇ ಬೆಳಕು ಅಡ್ಡಬರುತ್ತದೆ. ದೂರ ಹೋದ ಹಾಗೆ ಆ ಅಡ್ಡಿ ಕಡಿಮೆಯಾಗುತ್ತದೆ. ಪ್ಲುಟೊ ಆಚೆಗಿನ ನೌಕೆಯಿಂದ ಈ ಅಳತೆ ಮಾಡಲು ಸಾಧ್ಯವಾದದ್ದು ಹಾಗೆ.

ಈಗ ಕಾರಣ ಸ್ಪಷ್ಟ. ಹೆಸರು ಪಡೆದವರು ಕ್ಷುದ್ರಗ್ರಹವನ್ನು ಹುಡುಕಿದವರಲ್ಲ. ಕ್ಷುದ್ರಗ್ರಹದ ಮೇಲೆ ಸಂಶೋಧನೆ ಮಾಡಿದ್ದಕ್ಕೂ ಈ ಗೌರವ ಬಂದದ್ದಲ್ಲ. ಕೆಲಸವನ್ನು ಹತ್ತಿರದಿಂದ ಬಲ್ಲ ಕ್ಷೇತ್ರದ ಒಳಗಿನವರು ಹೆಸರನ್ನು ಮುಂದಿಟ್ಟಿದ್ದಾರೆ. ಸರ್ಕಾರ ಕೊಡುವ ಪ್ರಶಸ್ತಿಗಿಂತ ಇದರ ಗುಣ ಬೇರೆ. ಇಲ್ಲಿ ನಗದಿಲ್ಲ, ಫಲಕವಿಲ್ಲ, ಅರ್ಜಿ ಹಾಕಿಕೊಳ್ಳುವ ವ್ಯವಸ್ಥೆಯಿಲ್ಲ. ಓರಗೆಯವರು ‘ಇವರ ಕೆಲಸ ಉಳಿಯುವಂಥದ್ದು’ ಎಂದು ದಾಖಲೆಯಲ್ಲಿ ಬರೆದಿಡುವುದಷ್ಟೇ ಇದೆ. ಅದಕ್ಕೆ ಬೆಲೆ ಬರುವುದೂ ಅಲ್ಲಿಂದಲೇ.

ಇಡಬಾರದ ಹೆಸರುಗಳು

ನಿಯಮಗಳು ಕಡಿಮೆ, ಆದರೆ ಪ್ರತಿಯೊಂದರ ಹಿಂದೆ ಒಂದು ಜಗಳ ಅಥವಾ ಮುಜುಗರದ ಇತಿಹಾಸವಿದೆ.

ಹೆಸರು ರೋಮನ್ ಲಿಪಿಯಲ್ಲಿ ಹದಿನಾರು ಅಕ್ಷರ ಮೀರಬಾರದು, ಸಾಧ್ಯವಾದರೆ ಒಂದೇ ಪದವಾಗಿರಬೇಕು. ಜಯಂತ್ ಮೂರ್ತಿ ‘ಜಯಂತಮೂರ್ತಿ’ ಆದದ್ದು, ಗಾಯಕ ಪಂಡಿತ್ ಜಸ್‌ರಾಜ್ ‘300128 ಪಂಡಿತ್‌ಜಸ್‌ರಾಜ್’ ಆದದ್ದು, ವಿಶ್ವನಾಥನ್ ಆನಂದ್ ‘4538 ವಿಶಿಆನಂದ್’ ಆದದ್ದು ಇದರಿಂದಲೇ. ಈಗಾಗಲೇ ಇರುವ ಹೆಸರಿಗೆ ತೀರಾ ಹೋಲಬಾರದು, ಯಾರಿಗೂ ನೋವಾಗುವಂತಿರಬಾರದು, ವಾಣಿಜ್ಯದ ವಾಸನೆ ಇರಬಾರದು.

ವಾಣಿಜ್ಯದ ನಿಷೇಧಕ್ಕೆ ಹಳೆಯ ಹಿನ್ನೆಲೆಯೊಂದಿದೆ. 1885ರಲ್ಲಿ ಆಸ್ಟ್ರಿಯಾದ ಯೋಹಾನ್ ಪಲೀಸಾ ತಾನು ಕಂಡ ಕ್ಷುದ್ರಗ್ರಹಕ್ಕೆ ಹೆಸರಿಡುವ ಹಕ್ಕನ್ನು 50 ಪೌಂಡಿಗೆ ಮಾರುವುದಾಗಿ ಪ್ರಕಟಿಸಿದ್ದರು. ರೋಥ್‌ಶೀಲ್ಡ್ ಮನೆತನದ ಶ್ರೀಮಂತರೊಬ್ಬರು ಕೊಂಡು ತಮ್ಮ ಪತ್ನಿಯ ಹೆಸರನ್ನಿಟ್ಟರು. ‘250 ಬೆಟ್ಟಿನಾ’ ಇಂದಿಗೂ ಹಾಗೆಯೇ ಇದೆ. ಇಂದು ಅಂಥದ್ದು ಸಾಧ್ಯವಿಲ್ಲ. ನಕ್ಷತ್ರಕ್ಕೋ ಕ್ಷುದ್ರಗ್ರಹಕ್ಕೋ ನಿಮ್ಮ ಹೆಸರಿಡುತ್ತೇವೆ ಎಂದು ಹಣ ಪಡೆದು ಪ್ರಮಾಣಪತ್ರ ಕಳಿಸುವ ಅಂತರ್ಜಾಲ ಮಳಿಗೆಗಳಿಗೆ ಖಗೋಳ ಒಕ್ಕೂಟದ ಮಾನ್ಯತೆಯಿಲ್ಲ. ಆ ಹೆಸರನ್ನು ಯಾವ ವಿಜ್ಞಾನಿಯೂ ಬಳಸುವುದಿಲ್ಲ. ಹುಟ್ಟುಹಬ್ಬದ ಉಡುಗೊರೆಯೆಂದು ಇದಕ್ಕೆ ಹಣ ಸುರಿಯುವವರು ಈ ಒಂದು ಸಂಗತಿಯನ್ನು ಮೊದಲೇ ತಿಳಿದಿರಬೇಕು.

ರಾಜಕೀಯ ಮತ್ತು ಸೇನಾ ವಿಷಯಗಳಿಗೆ ಪ್ರಸಿದ್ಧರಾದವರ ಹೆಸರಿಡಲು ಅವರು ತೀರಿಕೊಂಡು ನೂರು ವರ್ಷ ಆಗಿರಬೇಕು. 1850ರಲ್ಲಿ ಜಾನ್ ರಸೆಲ್ ಹೈಂಡ್ ಲಂಡನ್ನಿನಲ್ಲಿ ಕಂಡ ಕ್ಷುದ್ರಗ್ರಹಕ್ಕೆ ‘ವಿಕ್ಟೋರಿಯಾ’ ಎಂದು ಹೆಸರಿಟ್ಟಾಗ, ಬದುಕಿರುವ ರಾಣಿಯ ಹೆಸರು ಸಲ್ಲದು ಎಂದು ಅಮೆರಿಕದಲ್ಲಿ ಆಕ್ಷೇಪ ಎದ್ದಿತು. ರೋಮನ್ನರ ವಿಜಯದೇವತೆಯ ಹೆಸರೂ ಅದೇ ಎಂಬ ಸಮರ್ಥನೆ ಹೆಸರನ್ನು ಉಳಿಸಿತು. ಅಂದಿನ ಆ ಅಸಮಾಧಾನದಲ್ಲಿ ಹುರುಳಿತ್ತು: ಅಧಿಕಾರದಲ್ಲಿರುವವರ ಹೆಸರು ಆಕಾಶಕ್ಕೆ ಏರತೊಡಗಿದರೆ ಅದಕ್ಕೆ ಕೊನೆಯೇ ಇರುವುದಿಲ್ಲ. ನೂರು ವರ್ಷದ ನಿಯಮ ಆ ಬಾಗಿಲನ್ನು ಮುಚ್ಚಿದೆ.

ಸಾಕುಪ್ರಾಣಿಗಳ ಹೆಸರಿಗೂ ಉತ್ತೇಜನವಿಲ್ಲ. ‘2309 ಮಿಸ್ಟರ್ ಸ್ಪಾಕ್’ ಎಂಬುದು ಅದನ್ನು ಕಂಡುಹಿಡಿದ ಜೇಮ್ಸ್ ಗಿಬ್ಸನ್ ಅವರ ಮನೆಯ ಬೆಕ್ಕಿನ ಹೆಸರು. ಆ ಪ್ರಕರಣದ ನಂತರ ಇಂಥ ಹೆಸರುಗಳು ಬೇಡ ಎಂಬ ನಿಲುವು ಗಟ್ಟಿಯಾಯಿತು.

ಒಂದೇ ವ್ಯಕ್ತಿ, ಎರಡು ಬಗೆಯ ಹೆಸರು

ಕ್ಷುದ್ರಗ್ರಹಕ್ಕೂ ಧೂಮಕೇತುವಿಗೂ ಹೆಸರಿಡುವ ರೀತಿ ಬೇರೆ. ಧೂಮಕೇತುವಿಗೆ ಅದನ್ನು ಕಂಡವರ ಹೆಸರು ತಾನಾಗಿಯೇ ಬರುತ್ತದೆ. ಕ್ಷುದ್ರಗ್ರಹ ಕಂಡವರು ಮಾತ್ರ ತಮ್ಮದೇ ಹೆಸರನ್ನು ಇಟ್ಟುಕೊಳ್ಳುವುದಿಲ್ಲ.

ಇದಕ್ಕೆ ಭಾರತದ ಖಗೋಳಜ್ಞ ವೇಣು ಬಾಪು ಅವರಿಗಿಂತ ಒಳ್ಳೆಯ ನಿದರ್ಶನ ಸಿಗದು. 1949ರಲ್ಲಿ ಹಾರ್ವರ್ಡ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ ಅವರು ಕಂಡ ಧೂಮಕೇತು ‘ಬಾಪು–ಬೋಕ್–ನ್ಯೂಕರ್ಕ್’ ಎಂದು ದಾಖಲಾಯಿತು. ಅದು ಅವರ ಕಣ್ಣಿಗೆ ಸಂದ ಮನ್ನಣೆ. ಮುಂದೆ ಅವರು ಕೊಡೈಕೆನಾಲ್ ವೀಕ್ಷಣಾಲಯವನ್ನು ಮುನ್ನಡೆಸಿದರು, ಕಾವಲೂರಿನಲ್ಲಿ ಹೊಸ ವೀಕ್ಷಣಾಲಯ ಕಟ್ಟಿದರು, ಬೆಂಗಳೂರಿನ ಸಂಸ್ಥೆಗೆ ರೂಪ ಕೊಟ್ಟರು, 1979ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾದರು. ಅದೇ ವರ್ಷ ಚಿಲಿಯ ಲಾ ಸಿಲ್ಲಾದಲ್ಲಿ ಬೇರೆಯವರು ಕಂಡ ಕ್ಷುದ್ರಗ್ರಹವೊಂದು ‘2596 ವೇಣು ಬಾಪು’ ಆಯಿತು. ಅದು ಅವರ ಬದುಕಿಗೆ ಸಂದ ಮನ್ನಣೆ. ಒಂದರಲ್ಲಿ ‘ಇವರು ಕಂಡರು’ ಎಂಬ ವರದಿಯಿದೆ, ಇನ್ನೊಂದರಲ್ಲಿ ‘ಇವರನ್ನು ನಾವು ಕಂಡೆವು’ ಎಂಬ ಕೃತಜ್ಞತೆಯಿದೆ.

ಮದರಾಸಿನಿಂದ ಕಾವಲೂರಿಗೆ ನೂರು ವರ್ಷ

ಹೆಸರಿಡುವ ಹಕ್ಕು ಕಂಡವರದ್ದು ಎಂದ ಮೇಲೆ, ಯಾರ ಹೆಸರುಗಳು ಆಕಾಶದಲ್ಲಿ ತುಂಬುತ್ತವೆ ಎಂಬುದನ್ನು ನಿರ್ಧರಿಸುವುದು ಯಾರ ಬಳಿ ದೂರದರ್ಶಕಗಳಿವೆ ಎಂಬುದೇ. ಭಾರತದ ಮಟ್ಟಿಗೆ ಇದು ಇತಿಹಾಸದಲ್ಲೇ ಬರೆದಿದೆ.

ಮೊದಲ ಕ್ಷುದ್ರಗ್ರಹ ಸೀರಿಸ್ ಪತ್ತೆಯಾದದ್ದು 1801ರ ಜನವರಿ 1ರಂದು, ಇಟಲಿಯ ಪಲೆರ್ಮೊದಲ್ಲಿ. ಅದನ್ನು ಕಂಡ ಪಿಯಾಝಿ ದೇವತೆಯ ಹೆಸರಿನ ಜೊತೆ ತಮ್ಮ ದೊರೆ ಫರ್ಡಿನಾಂಡನ ಹೆಸರನ್ನೂ ಜೋಡಿಸಿದ್ದರು. ಬೇರೆ ದೇಶದವರು ಒಪ್ಪದೆ ದೊರೆಯ ಹೆಸರು ಉದುರಿಹೋಯಿತು. ನಂತರದ ದಶಕಗಳಲ್ಲಿ ಗ್ರೀಕ್, ರೋಮನ್ ದೇವತೆಗಳ ಹೆಸರೇ ವಾಡಿಕೆ, ಅದೂ ಸ್ತ್ರೀದೇವತೆಗಳದ್ದು. ಈ ವಾಡಿಕೆ ಎಷ್ಟು ಬಿಗಿಯಾಗಿತ್ತೆಂದರೆ, 1858ರಲ್ಲಿ ಜರ್ಮನಿಯ ಮಹಾ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಅವರನ್ನು ಗೌರವಿಸುವಾಗಲೂ ಹೆಸರನ್ನು ‘54 ಅಲೆಕ್ಸಾಂಡ್ರಾ’ ಎಂದು ಸ್ತ್ರೀಲಿಂಗಕ್ಕೆ ತಿರುಗಿಸಲಾಯಿತು. 1923ರಲ್ಲಿ ಬಂದ ಸಾವಿರದ ಕ್ಷುದ್ರಗ್ರಹ ‘ಪಿಯಾಝಿಯಾ’, ಅದರ ಮುಂದಿನದು ‘ಗೌಸಿಯಾ’. ಪಿಯಾಝಿ, ಗೌಸ್ ಇಬ್ಬರೂ ವಿಜ್ಞಾನಿಗಳೇ. ಲಿಂಗದ ಈ ಕಟ್ಟು ಸಡಿಲಗೊಂಡು ವಿಜ್ಞಾನಿಗಳ ಹೆಸರು ಇದ್ದ ಹಾಗೆಯೇ ಬರತೊಡಗಿದ್ದು ಆಮೇಲೆ.

ದೇವತೆಗಳ ಹೆಸರೇ ವಾಡಿಕೆಯಾಗಿದ್ದ ಆ ಕಾಲದಲ್ಲಿ ಮದರಾಸು ವೀಕ್ಷಣಾಲಯದಲ್ಲಿ ನಾರ್ಮನ್ ಪಾಗ್ಸನ್ ಎಂಬ ಆಂಗ್ಲ ಖಗೋಳಜ್ಞರಿದ್ದರು. 1861ರಿಂದ 1885ರ ನಡುವೆ ಅವರು ಅಲ್ಲಿಂದ ಐದು ಕ್ಷುದ್ರಗ್ರಹಗಳನ್ನು ಕಂಡರು. ಮೊದಲನೆಯದು, ಇಡೀ ಏಷ್ಯಾ ಖಂಡದಿಂದಲೇ ಮೊದಲು ಪತ್ತೆಯಾದ ಕ್ಷುದ್ರಗ್ರಹ. ಅದಕ್ಕೆ ಇಟ್ಟ ಹೆಸರು ‘67 ಏಷ್ಯಾ’. ಉಳಿದವು ಸಾಫೊ, ಸಿಲ್ವಿಯಾ, ಕಮಿಲ್ಲಾ, ವೇರಾ. ಅದೇ ವೀಕ್ಷಣಾಲಯದಲ್ಲಿ ಚಿಂತಾಮಣಿ ರಘುನಾಥಾಚಾರಿ ಕೆಲಸ ಮಾಡುತ್ತಿದ್ದರು. 1867ರಲ್ಲಿ ಅವರು ಬೆಳಕು ಏರಿಳಿಯುವ ನಕ್ಷತ್ರವೊಂದನ್ನು ಗುರುತಿಸಿದ್ದರು. ಆದರೆ ಭಾರತದ ನೆಲದಿಂದ ಕಂಡ ಐದು ಕಾಯಗಳಲ್ಲಿ ಒಂದಕ್ಕೂ ಭಾರತದ ಹೆಸರು ಬರಲಿಲ್ಲ. ದೂರದರ್ಶಕ ಇಲ್ಲಿತ್ತು, ಹೆಸರಿಡುವ ನಾಲಿಗೆ ಇಲ್ಲಿಯದಾಗಿರಲಿಲ್ಲ.

ವೇರಾ ನಂತರ ನೂರಕ್ಕೂ ಹೆಚ್ಚು ವರ್ಷ ಮೌನ. ಅದು ಮುರಿದದ್ದು 1988ರಲ್ಲಿ. ತಮಿಳುನಾಡಿನ ಜವಾದಿ ಬೆಟ್ಟಗಳ ಕಾವಲೂರಿನಲ್ಲಿ, ಬೆಂಗಳೂರಿನ ಸಂಸ್ಥೆಯೇ ನಡೆಸುವ ವೇಣು ಬಾಪು ವೀಕ್ಷಣಾಲಯದಲ್ಲಿ, ಆರ್. ರಾಜಮೋಹನ್ ಅವರ ನೇತೃತ್ವದಲ್ಲಿ ‘ಕಲ್ಕಿ’ ಎಂಬ ಯೋಜನೆ ನಡೆಯುತ್ತಿತ್ತು. 45 ಸೆಂಟಿಮೀಟರ್ ಅಗಲದ ಶ್ಮಿಟ್ ದೂರದರ್ಶಕದಿಂದ ಆಕಾಶದ ವಿಶಾಲ ಭಾಗಗಳ ಚಿತ್ರ ತೆಗೆದು, ಸರಿದ ಚುಕ್ಕಿಗಳನ್ನು ಹುಡುಕುವ ಕೆಲಸ. ಸಿಕ್ಕ ಕ್ಷುದ್ರಗ್ರಹಕ್ಕೆ ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರ ಹೆಸರು ಬಂತು: ‘4130 ರಾಮಾನುಜನ್’. ಅದೇ ವರ್ಷ ಕಾವಲೂರಿನಲ್ಲಿ ಕಂಡ ಇನ್ನೊಂದಕ್ಕೆ, ಬಾಪು ಅವರ ನಂತರ ಸಂಸ್ಥೆಯ ಚುಕ್ಕಾಣಿ ಹಿಡಿದ ಜೆ. ಸಿ. ಭಟ್ಟಾಚಾರ್ಯ ಅವರ ಹೆಸರು: ‘8348 ಭಟ್ಟಾಚಾರ್ಯ’.

ಕಾರಣ ಮತ್ತು ಪರಿಣಾಮ ಇಷ್ಟು ಸ್ಪಷ್ಟವಾಗಿ ಕಾಣುವ ಉದಾಹರಣೆಗಳು ಕಡಿಮೆ. ಮದರಾಸು ವೀಕ್ಷಣಾಲಯದ ಬೇರಿನಿಂದಲೇ ಕೊಡೈಕೆನಾಲ್, ಅದರಿಂದ ಬೆಂಗಳೂರಿನ ಸಂಸ್ಥೆ ಬೆಳೆದದ್ದು. ಒಂದೇ ವಂಶವೃಕ್ಷದ ಒಂದು ಕೊಂಬೆಯಲ್ಲಿ ‘ಸಿಲ್ವಿಯಾ’, ಇನ್ನೊಂದರಲ್ಲಿ ‘ರಾಮಾನುಜನ್’. ನಡುವೆ ಬದಲಾದದ್ದು ಕಣ್ಣು ಯಾರದ್ದು ಎಂಬುದು ಮಾತ್ರ.

ಅಲ್ಲಿಂದೀಚೆಗೆ ಭಾರತದಿಂದ ಇಂಥ ದೊಡ್ಡ ಶೋಧನೆ ಮುಂದುವರಿಯಲಿಲ್ಲ. ಹಾಗಾಗಿ ನಮ್ಮವರ ಹೆಸರು ಬಹುತೇಕ ಹೊರಗಿನವರ ಕೈಯಿಂದ ಬರುತ್ತಿದೆ. ಖಗೋಳ ಭೌತವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ‘1958 ಚಂದ್ರ’ 1970ರಲ್ಲಿ ಅರ್ಜೆಂಟೀನಾದಲ್ಲಿ ಪತ್ತೆಯಾದದ್ದು. ವಿಶಿಆನಂದ್ 1988ರಲ್ಲಿ ಜಪಾನಿನಲ್ಲಿ ಪತ್ತೆಯಾಗಿ, ದಶಕಗಳ ಕಾಲ ಹೆಸರಿಲ್ಲದೆ ಉಳಿದು, ಚೆಸ್ ಪ್ರಿಯರಾದ ಮೈಕೆಲ್ ರುಡೆಂಕೊ ಸೂಚಿಸಿದ ಮೇಲೆ 2015ರಲ್ಲಿ ಹೆಸರು ಪಡೆಯಿತು. ಹೊರಗಿನವರು ಕೊಟ್ಟ ಗೌರವ ಕಡಿಮೆಯದಲ್ಲ, ಅದರಲ್ಲಿ ಸ್ವಪ್ರಶಂಸೆಯ ಸೋಂಕಿಲ್ಲದಿರುವುದು ಅದರ ಹಿರಿಮೆಯೇ. ಆದರೆ ಯಾರನ್ನು ನೆನೆಯಬೇಕು ಎಂಬ ಆಯ್ಕೆ ಆಗ ನಮ್ಮದಾಗಿರುವುದಿಲ್ಲ. ಹೊರದೇಶದ ತಂಡಗಳೊಂದಿಗೆ ಕೆಲಸ ಮಾಡಿದ, ಇಂಗ್ಲಿಷ್ ಲೋಕಕ್ಕೆ ಪರಿಚಿತರಾದವರ ಹೆಸರುಗಳು ಸುಲಭವಾಗಿ ಹೊಳೆಯುತ್ತವೆ. ರಘುನಾಥಾಚಾರಿಯಂಥವರ ಹೆಸರು ಹೊಳೆಯಬೇಕಾದರೆ ಅವರ ಕಥೆ ಗೊತ್ತಿರುವವರು ದೂರದರ್ಶಕದ ಹಿಂದೆ ಇರಬೇಕು.

ಬೆಲೆ ಇಳಿಯಿತೇ ಎಂಬ ವಾದ

ಈ ವ್ಯವಸ್ಥೆಯ ಬಗ್ಗೆ ಖಗೋಳಾಸಕ್ತರಲ್ಲಿ ಒಮ್ಮತವಿಲ್ಲ. ಬಹಳ ಕೇಳಿಬರುವ ಆಕ್ಷೇಪ, ಗೌರವ ಅಗ್ಗವಾಯಿತು ಎಂಬುದು. ಈವರೆಗೆ ಗುರುತಿಸಿರುವ ಕ್ಷುದ್ರಗ್ರಹಗಳು ಹದಿನಾಲ್ಕು ಲಕ್ಷಕ್ಕೂ ಹೆಚ್ಚು, ಸಂಖ್ಯೆ ಪಡೆದವು ಏಳು ಲಕ್ಷಕ್ಕೂ ಹೆಚ್ಚು, ಹೆಸರು ಪಡೆದವು ಸುಮಾರು 25 ಸಾವಿರ. ಅಮೆರಿಕದ ಎಂಐಟಿಯ ಲಿಂಕನ್ ಪ್ರಯೋಗಾಲಯ ತನ್ನ ಶೋಧನೆಯಲ್ಲಿ ಸಿಕ್ಕ ಕ್ಷುದ್ರಗ್ರಹಗಳಿಗೆ ವಿಜ್ಞಾನ ಸ್ಪರ್ಧೆಗಳಲ್ಲಿ ಗೆದ್ದ ಶಾಲಾ ವಿದ್ಯಾರ್ಥಿಗಳ ಹೆಸರು ಇಟ್ಟಿದೆ. ಅವರಲ್ಲಿ ಭಾರತದ ಮಕ್ಕಳೂ ಇದ್ದಾರೆ. ನೊಬೆಲ್ ಪಡೆದ ಚಂದ್ರಶೇಖರ್ ಅವರಿಗೂ ಹದಿನಾರರ ಹುಡುಗಿಗೂ ಒಂದೇ ಬಗೆಯ ಗೌರವವೇ ಎಂದು ಆಕ್ಷೇಪಿಸುವವರು ಕೇಳುತ್ತಾರೆ.

ಇದಕ್ಕೆ ಎದುರು ವಾದವೂ ಬಲವಾಗಿದೆ. ಕ್ಷುದ್ರಗ್ರಹದ ಹೆಸರು ಶ್ರೇಣಿ ಹಚ್ಚುವ ಪದವಿಯಾಗಿ ಹುಟ್ಟಿದ್ದಲ್ಲ. ಲಕ್ಷಾಂತರ ಬಂಡೆಗಳಿರುವಾಗ ಒಬ್ಬರಿಗೆ ಕೊಟ್ಟದ್ದು ಇನ್ನೊಬ್ಬರಿಂದ ಕಿತ್ತುಕೊಂಡದ್ದಾಗುವುದಿಲ್ಲ. ಹಳ್ಳಿಯ ಶಾಲೆಯ ಮಗುವಿಗೆ ತನ್ನ ವಯಸ್ಸಿನ ಒಬ್ಬರ ಹೆಸರು ಸೌರಮಂಡಲದಲ್ಲಿದೆ ಎಂಬುದು ವಿಜ್ಞಾನದ ಕಡೆಗೆ ತಿರುಗಿಸುವ ಶಕ್ತಿಯಾಗಬಹುದು. ಈ ಎರಡರಲ್ಲಿ ಎರಡನೆಯದೇ ನ್ಯಾಯವಾದದ್ದು. ಗೌರವದ ತೂಕವನ್ನು ಎಣಿಕೆಯಿಂದ ಅಳೆಯುವುದಕ್ಕಿಂತ, ಪ್ರತಿ ಹೆಸರಿನ ಜೊತೆ ಅಚ್ಚಾಗುವ ಟಿಪ್ಪಣಿಯಲ್ಲಿ ಏನು ಬರೆದಿದೆ ಎಂದು ನೋಡುವುದು ಸರಿ. ನಮ್ಮ ಸುದ್ದಿಗಳು ಆ ಟಿಪ್ಪಣಿಯನ್ನು ಬಿಟ್ಟು ‘ಬಾಹ್ಯಾಕಾಶದಲ್ಲಿ ಕನ್ನಡಿಗ’, ‘ಬಾಹ್ಯಾಕಾಶದಲ್ಲಿ ಭಾರತೀಯ’ ಎಂಬಷ್ಟಕ್ಕೇ ನಿಲ್ಲುವುದರಿಂದ ಗೊಂದಲ ಹೆಚ್ಚುತ್ತದೆ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ಹೆಸರುಗಳ ಪಟ್ಟಿ ಯುರೋಪ್ ಮತ್ತು ಅಮೆರಿಕದ ಕಡೆಗೆ, ಗಂಡಸರ ಕಡೆಗೆ ವಾಲಿದೆ. 2015ರಲ್ಲಿ ಖಗೋಳಜ್ಞೆ ಏಮಿ ಮೈನ್ಜರ್ ‘316201 ಮಲಾಲಾ’ ಎಂಬ ಹೆಸರನ್ನು ಪ್ರಕಟಿಸುವಾಗ ಇದೇ ಕಾರಣವನ್ನು ಮುಂದಿಟ್ಟಿದ್ದರು. ಇದು ಯಾರೋ ಕುಳಿತು ಮಾಡಿದ ಪಕ್ಷಪಾತದ ಫಲವಲ್ಲ. ಕಂಡವರಿಗೆ ಹಕ್ಕು ಎಂಬ ನಿಯಮದಿಂದ ತಾನಾಗಿ ಹುಟ್ಟಿದ ಫಲ. ನಿಯಮ ನೋಡಲು ಸಮಾನವಾಗಿದ್ದರೂ ಉಪಕರಣಗಳ ಹಂಚಿಕೆ ಅಸಮಾನವಾಗಿದ್ದರೆ ಪರಿಣಾಮವೂ ಅಸಮಾನವೇ.

ಬದುಕಿರುವವರ ಹೆಸರು ಇಡಬೇಕೇ ಎಂಬ ಚರ್ಚೆಯೂ ಇದೆ. ಮುಂದೆ ಅವರ ನಡತೆಗೆ ಕಳಂಕ ಬಂದರೆ ಏನು ಎಂಬ ಅಂಜಿಕೆ ಸುಳ್ಳಲ್ಲ. ಆದರೆ ಬದುಕಿರುವಾಗ ಸಿಕ್ಕ ಗೌರವ ಎಂಥ ಫಲ ಕೊಡಬಹುದು ಎಂಬುದಕ್ಕೆ ಡೊನಾಲ್ಡ್ ಜೋಹಾನ್ಸನ್ ಇದ್ದಾರೆ. 1974ರಲ್ಲಿ ಇಥಿಯೋಪಿಯಾದಲ್ಲಿ ‘ಲೂಸಿ’ ಎಂದು ಪ್ರಸಿದ್ಧವಾದ ಆದಿಮಾನವರ ಪಳೆಯುಳಿಕೆಯನ್ನು ಕಂಡವರು ಅವರು. ಆ ಪಳೆಯುಳಿಕೆಯ ಹೆಸರನ್ನೇ ಹೊತ್ತ ನಾಸಾದ ನೌಕೆ 2025ರ ಏಪ್ರಿಲ್ 20ರಂದು ‘52246 ಡೊನಾಲ್ಡ್‌ಜೋಹಾನ್ಸನ್’ ಪಕ್ಕದಿಂದ ಹಾದು ಚಿತ್ರಗಳನ್ನು ಕಳಿಸಿತು. ಎರಡು ಮುದ್ದೆಗಳು ಕತ್ತಿನಲ್ಲಿ ಕೂಡಿಕೊಂಡಂತಿರುವ ಬಂಡೆ. ಚುಕ್ಕಿಯಾಗಿದ್ದ ಹೆಸರು ಒಂದೇ ದಿನದಲ್ಲಿ ಒಂದು ಸ್ಥಳವಾಯಿತು.

ಜಪಾನಿನ ರಾಕೆಟ್ ವಿಜ್ಞಾನದ ಪಿತಾಮಹ ಹಿದೆಯೊ ಇತೊಕಾವಾ ಅವರ ಹೆಸರಿನ ಕ್ಷುದ್ರಗ್ರಹಕ್ಕೆ ಇನ್ನೂ ದೊಡ್ಡ ಭಾಗ್ಯ. ಜಪಾನಿನ ಹಯಬುಸಾ ನೌಕೆ 2005ರಲ್ಲಿ ಅಲ್ಲಿಗೆ ತಲುಪಿ, ಅದರ ಮಣ್ಣಿನ ಕಣಗಳನ್ನು 2010ರಲ್ಲಿ ಭೂಮಿಗೆ ತಂದಿತು. ಆ ಬಂಡೆಯನ್ನು ಕಂಡದ್ದು ಅಮೆರಿಕದ ಲಿಂಕನ್ ಪ್ರಯೋಗಾಲಯದ ಶೋಧನಾ ಯೋಜನೆ. ಜಪಾನಿನವರು ಕೇಳಿಕೊಂಡರು, ಅವರು ಸೂಚಿಸಿಕೊಟ್ಟರು. ಹೋಗುವ ಊರಿಗೆ ತಮ್ಮ ಹಿರಿಯರ ಹೆಸರಿರಲಿ ಎಂದು ಒಂದು ದೇಶ ಮನಸ್ಸಿಟ್ಟು ಪ್ರಯತ್ನಿಸಿದರೆ ದಾರಿ ಸಿಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

‘ವಿದ್ಯಾರ್ಥಿಗಳು ಕಂಡ ಕ್ಷುದ್ರಗ್ರಹ’

ಇನ್ನೊಂದು ಬಗೆಯ ಸುದ್ದಿಯನ್ನೂ ಬಿಡಿಸಿ ನೋಡಬೇಕು. ಅಂತರರಾಷ್ಟ್ರೀಯ ಶೋಧನಾ ಅಭಿಯಾನಗಳಲ್ಲಿ ಭಾಗವಹಿಸುವ ಭಾರತದ ಶಾಲಾ ವಿದ್ಯಾರ್ಥಿಗಳು ಹವಾಯಿಯ ಪ್ಯಾನ್-ಸ್ಟಾರ್ಸ್ ದೂರದರ್ಶಕ ತೆಗೆದ ಚಿತ್ರಗಳನ್ನು ಕಂಪ್ಯೂಟರ್‌ನಲ್ಲಿ ಹೋಲಿಸಿ ಸರಿದ ಚುಕ್ಕಿಗಳನ್ನು ಗುರುತಿಸುತ್ತಾರೆ. ಕೆಲಸ ನಿಜವಾದದ್ದು, ವಿಜ್ಞಾನಕ್ಕೆ ಉಪಯುಕ್ತವಾದದ್ದು. ಆದರೆ ಅವರಿಗೆ ಸಿಗುವ ಪ್ರಮಾಣಪತ್ರ ಪ್ರಾಥಮಿಕ ಪತ್ತೆಗೆ. ಅದು ತಾತ್ಕಾಲಿಕ ಸಂಕೇತ ಪಡೆದು, ಕಕ್ಷೆ ಖಚಿತವಾಗಿ, ಸಂಖ್ಯೆ ಸಿಗುವ ಹೊತ್ತಿಗೆ ಆ ಮಕ್ಕಳು ಕಾಲೇಜು ಮುಗಿಸಿರುತ್ತಾರೆ. ‘ನಾಸಾ ಹುಡುಗಿಯ ಹೆಸರಿಟ್ಟಿತು’ ಎಂದು ಮೊದಲ ವಾರವೇ ಬರೆದುಬಿಟ್ಟರೆ, ಮುಂದೆ ಅದು ಹಳೆಯ ಕಾಯವೆಂದು ತಿಳಿದಾಗ ನಿರಾಸೆ ಅನುಭವಿಸುವುದು ಆ ಮಗು. ‘ಪತ್ತೆಯ ಮೊದಲ ಮೆಟ್ಟಿಲು ಏರಿದ್ದಾಳೆ’ ಎಂದು ಬರೆದರೆ ಸಂತೋಷವೂ ಉಳಿಯುತ್ತದೆ, ಸತ್ಯವೂ ಉಳಿಯುತ್ತದೆ.

ಹೆಸರಿನಿಂದ ಒಡೆತನ ಬರುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬಹುದು. 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಯಾವ ದೇಶವೂ ಆಕಾಶಕಾಯವೊಂದನ್ನು ತನ್ನದೆಂದು ಸಾರುವಂತಿಲ್ಲ.

ಚಿಲಿಯ ಬೆಟ್ಟದಿಂದ ಬರುತ್ತಿರುವ ಪ್ರವಾಹ

ಮುಂದಿನ ಹತ್ತು ವರ್ಷಗಳಲ್ಲಿ ಈ ಎಲ್ಲ ಲೆಕ್ಕ ತಲೆಕೆಳಗಾಗಲಿದೆ. ಚಿಲಿಯ ಸೆರೊ ಪಚೋನ್ ಬೆಟ್ಟದ ವೇರಾ ರೂಬಿನ್ ವೀಕ್ಷಣಾಲಯ 2025ರ ಜೂನ್‌ನಲ್ಲಿ ತನ್ನ ಮೊದಲ ಚಿತ್ರಗಳನ್ನು ಹೊರತಂದಿತು. ಸುಮಾರು ಹತ್ತು ಗಂಟೆಗಳ ವೀಕ್ಷಣೆಯಲ್ಲೇ 2,104 ಹೊಸ ಕ್ಷುದ್ರಗ್ರಹಗಳು ಸಿಕ್ಕಿದ್ದವು. ಅವುಗಳಲ್ಲಿ ಏಳು ಭೂಮಿಯ ಸಮೀಪಕ್ಕೆ ಬರುವಂಥವು, ಯಾವುದೂ ಅಪಾಯದ್ದಲ್ಲ. ಮುಂದೆ ಲಕ್ಷ ಲಕ್ಷ ಹೊಸ ಕಾಯಗಳು ಸಿಗಲಿವೆ ಎಂಬುದು ವಿಜ್ಞಾನಿಗಳ ನಿರೀಕ್ಷೆ. ಖಗೋಳಜ್ಞೆ ವೇರಾ ರೂಬಿನ್ ಅವರ ಹೆಸರಿನಲ್ಲಿ ‘5726 ರೂಬಿನ್’ ಎಂಬ ಕ್ಷುದ್ರಗ್ರಹ ಬಹಳ ಹಿಂದಿನಿಂದ ಇದೆ. ಈಗ ಅವರ ಹೆಸರಿನ ಕಣ್ಣೇ ಕ್ಷುದ್ರಗ್ರಹಗಳನ್ನು ರಾಶಿಯಾಗಿ ಕಾಣುತ್ತಿದೆ.

ಪರಿಣಾಮಗಳನ್ನು ಊಹಿಸುವುದು ಕಷ್ಟವಲ್ಲ. ಬಹುಪಾಲು ಕ್ಷುದ್ರಗ್ರಹಗಳು ಎಂದೆಂದಿಗೂ ಬರಿಯ ಸಂಖ್ಯೆಗಳಾಗಿ ಉಳಿಯುತ್ತವೆ. ಕಾರ್ಯತಂಡದ ಖಗೋಳಜ್ಞರು ಪ್ರತಿ ಹೆಸರನ್ನೂ ಓದಿ ಪರಿಶೀಲಿಸಬೇಕಾದ್ದರಿಂದ ನಾಮಕರಣದ ವೇಗ ಶೋಧನೆಯ ವೇಗವನ್ನು ಹಿಡಿಯಲಾರದು. ‘ಕಂಡವರು’ ಎಂಬ ಪದದ ಅರ್ಥವೂ ಬದಲಾಗುತ್ತದೆ. ಪಾಗ್ಸನ್ ಕಣ್ಣಿಟ್ಟು ಕಂಡರು, ರಾಜಮೋಹನ್ ಫಿಲ್ಮ್ ತೊಳೆದು ಕಂಡರು. ಇನ್ನು ಮುಂದೆ ಮನುಷ್ಯರು ಮಲಗಿರುವಾಗ ತಂತ್ರಾಂಶ ಕಾಣುತ್ತದೆ. ಹೆಸರಿಡುವ ಹಕ್ಕು ವ್ಯಕ್ತಿಗಳ ಕೈಯಿಂದ ದೊಡ್ಡ ಯೋಜನೆಗಳ ಕೈಗೆ ಹೋಗುತ್ತಿದೆ. ಸೋದರತ್ತೆಯ ಜಾಗದಲ್ಲಿ ಒಂದು ಸಮಿತಿ ಕೂರುತ್ತದೆ.

ಭಾರತಕ್ಕೆ ಈ ಬದಲಾವಣೆಯಲ್ಲಿ ಪಾಲು ಇದೆಯೇ? ಲಡಾಖ್‌ನ ಹಾನ್ಲೆಯಲ್ಲಿ, ಬೆಂಗಳೂರಿನ ಸಂಸ್ಥೆ ಮತ್ತು ಐಐಟಿ ಬಾಂಬೆ ಕೂಡಿ ನಡೆಸುವ 70 ಸೆಂಟಿಮೀಟರ್ ಅಗಲದ ಸ್ವಯಂಚಾಲಿತ ದೂರದರ್ಶಕ 2018ರಿಂದ ಕೆಲಸ ಮಾಡುತ್ತಿದೆ. ಬೇರೆಯವರು ಕಂಡ ಕ್ಷುದ್ರಗ್ರಹಗಳನ್ನು ಬೆನ್ನಟ್ಟಿ ಅವುಗಳ ಸ್ಥಾನ ಅಳೆಯುವುದು ಅದರ ಕೆಲಸಗಳಲ್ಲೊಂದು. ಅಮೆರಿಕದಲ್ಲಿ ಹಗಲಾದಾಗ ನಮ್ಮಲ್ಲಿ ರಾತ್ರಿ ಇರುವುದರಿಂದ ಈ ಅಳತೆಗಳಿಗೆ ವಿಶೇಷ ಬೆಲೆಯಿದೆ. ಕಕ್ಷೆ ಖಚಿತವಾಗುವುದು ಇಂಥ ಅಳತೆಗಳಿಂದಲೇ, ಕಕ್ಷೆ ಖಚಿತವಾದ ಮೇಲೆಯೇ ಸಂಖ್ಯೆ, ಸಂಖ್ಯೆಯ ಮೇಲೆಯೇ ಹೆಸರು. ಆದರೆ ಹೆಸರು ಸೂಚಿಸುವ ಹಕ್ಕು ಬೆನ್ನಟ್ಟಿದವರಿಗಿಲ್ಲ, ಮೊದಲು ಕಂಡವರಿಗೆ. ಕಾವಲೂರಿನ ಕಲ್ಕಿ ಯೋಜನೆಯ ಹಾಗೆ ಆಕಾಶವನ್ನೇ ಜರಡಿ ಹಿಡಿಯುವ, ಕ್ಷುದ್ರಗ್ರಹಗಳಿಗೆಂದೇ ಮೀಸಲಾದ ದೊಡ್ಡ ದೂರದರ್ಶಕ ನಮ್ಮಲ್ಲಿ ಬಂದ ದಿನ, 1861ರಲ್ಲಿ ಮದರಾಸಿನಲ್ಲಿ ಆರಂಭವಾದ ಪಟ್ಟಿಗೆ ಹೊಸ ಹೆಸರುಗಳು ಸೇರುತ್ತವೆ. ಆ ಪಟ್ಟಿಯಲ್ಲಿ ಚಿಂತಾಮಣಿ ರಘುನಾಥಾಚಾರಿ ಅವರಿಗೊಂದು ಜಾಗ ಬಾಕಿಯಿದೆ.